ಬಸ್ಸು ತಪ್ಪಿಸುವ ಆಟ

ಕೈಮರದ ತಂಗುದಾಣದಲ್ಲಿ ಆ ಮನುಷ್ಯ ಮೊದಲ ಸಲ ಮಾತಾಡಿಸಿದಾಗ ಮಾಲತಿಗೆ ಏನೂ ಅನ್ನಿಸಿರಲಿಲ್ಲ. ಅನ್ನಿಸುವುದಕ್ಕೆ ಏನಿದೆ ಹೇಳಿ? ಕೊಪ್ಪದ ಸೀಮೆಯಲ್ಲಿ ಬಸ್ಸಿಗೆ ಕಾಯುವ ಇಬ್ಬರು ಬಾಯಿ ಮುಚ್ಚಿಕೊಂಡು ಕೂತಿದ್ದಾರೆ ಅಂದರೆ ಒಂದೋ ಅವರಿಗೆ ಜಗಳವಾಗಿರಬೇಕು, ಇಲ್ಲ ಒಬ್ಬರಿಗೆ ಹಲ್ಲುನೋವಿರಬೇಕು. ಯಾವ ಊರು, ಎಲ್ಲಿಂದ ಬಂದದ್ದು, ಮನೆಯಲ್ಲಿ ಯಾರ್ಯಾರಿದ್ದಾರೆ, ಮಧ್ಯಾಹ್ನ ಎಂತ ಸಾರು ಮಾಡಿದ್ದು, ಇಷ್ಟು ಕೇಳಿ ಇಷ್ಟು ಹೇಳುವಷ್ಟರಲ್ಲಿ ಬಸ್ಸು ಬಂದಿರುತ್ತದೆ. ಮಾಲತಿಯೂ ಹೇಳಿದ್ದಳು. ಕೊಪ್ಪದಲ್ಲಿ ಪ್ರೇಮಕ್ಕನ ಹೊಲಿಗೆ ಅಂಗಡಿಯಲ್ಲಿ ಕೆಲಸ, ಶೃಂಗೇರಿ ಬಸ್ಸಿನಲ್ಲಿ ಇಲ್ಲಿವರೆಗೆ ಬಂದು ಇಳಿದು ಬಸರೀಕಟ್ಟೆ ಬಸ್ಸಿಗೆ ಕಾಯುವುದು, ಗಂಡ ಅರುಣ ಎಸ್ಟೇಟಿನ ಜೀಪು ಓಡಿಸುವುದು. ಆ ಮನುಷ್ಯ ಎನ್.ಆರ್. ಪುರದವನಂತೆ, ಹೆಸರು ಲಕ್ಷ್ಮೀಶನಂತೆ. ಇಸ್ತ್ರಿ ಮಾಡಿದ ಅಂಗಿ, ಮೆಲ್ಲನೆಯ ದನಿ.

ಅವನು ಮತ್ತೂ ಬಂದ. ಒಂದು ಸಂಜೆ ಅವಳ ಚೀಲ ಎತ್ತಿ ನೆರಳಿಗಿಟ್ಟ. ಇನ್ನೊಂದು ಸಂಜೆ ಗೋಳಿಬಜೆ ಪೊಟ್ಟಣ ತಂದು, ಬೇಡವೆಂದರೂ ಬೆಂಚಿನ ಮೇಲಿಟ್ಟ. ಮತ್ತೊಂದು ಸಂಜೆ ಅವಳ ಅಮ್ಮನ ಬಗ್ಗೆ ಕೇಳಿದ. ಆಮೇಲೆ ಒಂದು ದಿನ, ಹತ್ತಿರ ಬಂದು ಕೂತು, "ಅಮ್ಮನ ರವಿಕೆ ಹಾಕ್ಕೊಂಡ ದಿನ ನಿಮ್ಮ ಮುಖವೇ ಬೇರೆ," ಅಂದ.

ಮಾಲತಿ ತಟ್ಟನೆ ಅವನ ಕಡೆ ತಿರುಗಿದಳು. ಅಮ್ಮನಿಗೆಂದು ಹೊಲಿದು, ಅಮ್ಮ ಒಂದು ದಿನವೂ ತೊಡದೆ ತೀರಿಕೊಂಡ ಮೇಲೆ ತನ್ನ ಅಳತೆಗೆ ಮಾಡಿಕೊಂಡ ರವಿಕೆ ಅದು. ಅದನ್ನು ಅರುಣನಿಗೂ ಅವಳು ಹೇಳಿರಲಿಲ್ಲ.

"ನಿಮಗೆ ಯಾರು ಹೇಳಿದ್ದು?"

"ಹೆದರಬೇಡಿ. ಯಾರಿಗೂ ಹೇಳಲ್ಲ ನಾನು. ನೀವೇ ಮೇಘನಾ ಅಂತ ಮೊದಲ ದಿನವೇ ಗೊತ್ತಾಯ್ತು." ಅವನು ಮೊಬೈಲು ಅವಳ ಕಡೆ ತಿರುಗಿಸಿದ.

ಪರದೆಯ ಮೇಲೆ ಬಣ್ಣದಲ್ಲಿ ಬಿಡಿಸಿದ ಇದೇ ತಂಗುದಾಣ. ಇದೇ ಕಲ್ಲುಬೆಂಚು, ಊರುಗಳ ಹೆಸರು ಬರೆದ ಇದೇ ಬಿಳಿ ಕಂಬ. ಬೆಂಚಿನ ಮೇಲೆ ಕೂತ ಹೆಂಗಸಿನ ಮುಖ ಮಾತ್ರ ಬೇರೆ. ಸೀರೆ, ಚೀಲ, ಕೂತ ಭಂಗಿ, ಎಲ್ಲ ಅವಳದ್ದೇ. ಕೆಳಗೆ ಮೂರು ಸಾಲು: ಸುಮ್ಮನಿರು. ಅಮ್ಮನ ಬಗ್ಗೆ ಕೇಳು. ರವಿಕೆಯ ಮಾತೆತ್ತು. ಮೂರನೆಯ ಸಾಲು ಹೊಳೆಯುತ್ತಿತ್ತು.

ಬಸ್ಸು ಬಂತು. ಅವಳು ಹೇಗೆ ಹತ್ತಿದಳೋ ಅವಳಿಗೇ ಗೊತ್ತಿಲ್ಲ.

ರವಿಕೆಯ ಕಥೆ ಅವಳು ಹೇಳಿದ್ದು ಒಬ್ಬನ ಹತ್ತಿರ ಮಾತ್ರ. ಪ್ರೇಮಕ್ಕನ ಅಂಗಡಿಯ ಪಕ್ಕದಲ್ಲೇ ಝೆರಾಕ್ಸ್ ಅಂಗಡಿ ಇಟ್ಟುಕೊಂಡ ಶಿಶಿರನ ಹತ್ತಿರ. ಶೃಂಗೇರಿಯ ವೈದಿಕರ ಮನೆಯ ಹುಡುಗ, ಒಳ್ಳೆಯವನು, ಕರೆಂಟು ಹೋದಾಗಲೆಲ್ಲ ಚಹಾ ಹಿಡಿದುಕೊಂಡು ಹೊಲಿಗೆ ಅಂಗಡಿಗೆ ಬರುತ್ತಿದ್ದ. "ಆಮೇಲೆ ಎಂತ ಆಯ್ತು ಮಾಲತಕ್ಕ? ಬಸ್ಸು ಬರೋವರೆಗೆ ಎಂತ ಯೋಚನೆ ಮಾಡ್ತೀರಿ?" ಅಂತ ಕೇಳುವನು. ಯಾರು ಹಾಗೆ ಕೇಳುತ್ತಾರೆ? ಕೇಳಿದರಲ್ಲ ಅಂತ ಅವಳು ಹೇಳುತ್ತಾ ಹೋಗಿದ್ದಳು.

ಮರುದಿನ ಬೆಳಿಗ್ಗೆ ಪ್ರೇಮಕ್ಕ ಬರುವ ಮೊದಲೇ ಅವನ ಅಂಗಡಿಗೆ ಹೋಗಿ ನಿಂತಳು.

"ಮೇಘನಾ ಯಾರು?"

"ಯಾವ ಮೇಘನಾ?"

"ನನ್ನ ರವಿಕೆ ಹಾಕ್ಕೊಂಡು ಕೈಮರದಲ್ಲಿ ಕೂತ್ಕೊಂಡಿರ್ತಾಳಲ್ಲ, ಆ ಮಾರಾಯ್ತಿ."

ಶಿಶಿರ ಎದ್ದು ಶಟರನ್ನು ಅರ್ಧ ಎಳೆದ. ಅದೊಂದು ಆಟ ಅಂದ. ಆಟ ಅಂದರೆ ಓಡುವುದು ಹಾರುವುದು ಅಲ್ಲ, ಕಾದಂಬರಿಯ ಹಾಗೆ. ಚಿತ್ರ ಬರುತ್ತದೆ, ಮಾತು ಬರುತ್ತದೆ, ಮುಂದೇನು ಅಂತ ಆಡುವವನು ಆರಿಸಬೇಕು. ದೊಡ್ಡವರಿಗೆ ಮಾತ್ರ. ಬೇರೆ ಹೆಸರಿಟ್ಟುಕೊಂಡು ಬರೆಯುತ್ತಾನೆ, ಚಿತ್ರ ಬಿಡಿಸುವವನು ಇನ್ನೆಲ್ಲೋ ಇದ್ದಾನೆ.

"ತೋರ್ಸು," ಅಂದಳು. ಇಷ್ಟು ದಿನ 'ನೀವು' ಅನ್ನುತ್ತಿದ್ದವಳ ಬಾಯಲ್ಲಿ 'ನೀನು' ಬಂತು. ಇಬ್ಬರಿಗೂ ಅದು ಕೇಳಿಸಿತು.

ಅವನು ತೋರಿಸಿದ. ನಡುವೆ ಕೆಲವು ಚಿತ್ರಗಳನ್ನು ಗಡಿಬಿಡಿಯಲ್ಲಿ ದಾಟಿಸಿದ. ದಾಟಿಸಿದ್ದರಿಂದಲೇ ಅವು ಎಂಥವೆಂದು ಅವಳಿಗೆ ತಿಳಿಯಿತು.

"ಆಡುವವನಿಗೆ ಇರೋದು ಒಂದೇ ಸಂಜೆ, ಮಾಲತಕ್ಕ. ಬಸ್ಸು ಬರೋದ್ರೊಳಗೆ ಅವಳ ಮನಸ್ಸು ಗೆಲ್ಲಬೇಕು. ಇದ್ದ ಟೈಮನ್ನ ಯಾವುದಕ್ಕೆ ಎಷ್ಟು ಖರ್ಚು ಮಾಡ್ತಾನೆ ಅನ್ನೋದೇ ಆಟ. ಅವಳು ಬಸ್ಸು ಹತ್ತಿದ್ರೆ ಅವನು ಸೋತ. ಮತ್ತೆ ಅದೇ ಸಂಜೆ ಮೊದಲಿಂದ ಶುರು."

"ಅವಳಿಗೆ ಹಿಂದಿನ ಸಂಜೆ ನೆನಪಿರ್ತದಾ?"

"ಇಲ್ಲ. ಅವನಿಗೆ ಮಾತ್ರ."

"ಬೇಡ ಅಂತಾಳಾ ಅವಳು?"

"ಅಂತಾಳೆ, ಅಂತಾಳೆ. ಮೊದಮೊದಲು." ಶಿಶಿರ ಕನ್ನಡಕ ಒರೆಸಿಕೊಂಡ. "ಆಮೇಲೆ ಎಂತ ಹೇಳಿದ್ರೆ ಬೇಡ ಅನ್ನಲ್ಲ ಅಂತ ಅವನಿಗೆ ತಿಳೀತಾ ಹೋಗ್ತದೆ."

"ಮುಗಿಯೋದು?"

"ಬಸ್ಸು ಬಂದ್ರೂ ಅವಳು ಹತ್ತದೆ ಉಳಿದ್ರೆ."

ಮಾಲತಿ ಕುರ್ಚಿ ಎಳೆದು ಕೂತಳು. ಚೀಲ ನೆರಳಿಗಿಟ್ಟದ್ದು, ಗೋಳಿಬಜೆ, ಅಮ್ಮನ ಸಮಾಚಾರ. ಅವಳು ಮರ್ಯಾದೆಗೆಂದು ನಕ್ಕ ಒಂದೊಂದು ನಗೆಯನ್ನೂ ಲಕ್ಷ್ಮೀಶ ಒಂದೊಂದು ಮೆಟ್ಟಿಲು ಅಂದುಕೊಂಡು ಹತ್ತಿಬಂದಿದ್ದ. ಇನ್ನು ಉಳಿದದ್ದು ಬಸ್ಸು ತಪ್ಪಿಸುವುದೊಂದೇ.

"ತೆಗೆದುಹಾಕು ಅದನ್ನ."

"ತೆಗೀಬಹುದು. ಆದ್ರೆ ಮೊಬೈಲಿಗೆ ಇಳಿಸ್ಕೊಂಡವರ ಹತ್ರ ಇದ್ದೇ ಇರ್ತದೆ. ನೀವು ಸ್ವಲ್ಪ ದಿನ ಬೇರೆ ಬಸ್ಸಿಗೆ ಹೋದ್ರೆ..."

"ಬೇರೆ ಬಸ್ಸು ನಿನ್ನ ಅಪ್ಪಯ್ಯ ಬಿಡ್ತಾರಾ?"

ಅರುಣನಿಗೆ ಹೇಳುವ ಮಾತೇ ಇರಲಿಲ್ಲ. ಹಿಂದೆ ಬೇಕರಿಯಲ್ಲಿ ಕೆಲಸ ಮಾಡುತ್ತಿದ್ದಾಗ ಯಾವನೋ ಗಿರಾಕಿ ಅವಳನ್ನು ನೋಡಿ ಹಾಡು ಹೇಳಿದ ಅಂತ ಅರುಣನ ಕಿವಿಗೆ ಬಿದ್ದಿತ್ತು. ಅವನು ಗಿರಾಕಿಯನ್ನು ಏನೂ ಮಾಡಲಿಲ್ಲ. ಕೆಲಸ ಬಿಡಿಸಿ ಅವಳನ್ನು ಮನೆಯಲ್ಲಿ ಕೂರಿಸಿದ. ಆ ಒಂದು ವರ್ಷ ಅವಳು ಗೋಡೆಯ ಜೊತೆ ಮಾತಾಡಿದ್ದಳು. ಆಮೇಲೆ ಪ್ರೇಮಕ್ಕನೇ ಮನೆಗೆ ಬಂದು, "ಹೆಂಗಸರೇ ಬರೋ ಅಂಗಡಿ ಮಾರಾಯ," ಅಂತ ಅವನ ಕೈಕಾಲು ಹಿಡಿದಿದ್ದಕ್ಕೆ ಬಿಟ್ಟಿದ್ದ. ಈಗ ಇದು ಗೊತ್ತಾದರೆ ಆ ಅಂಗಡಿಯೂ ಮುಗಿಯಿತು, ಅವಳೂ ಮುಗಿದಳು.

"ಇವತ್ತು ಸಂಜೆ ನನ್ನ ಜೊತೆ ಬಾ," ಅಂದಳು. "ಅವನ ಮುಖ ನೋಡಿ ಹೇಳು, ಇವಳು ಅವಳಲ್ಲ, ಇವಳ ತಂಟೆಗೆ ಬರಬೇಡ ಅಂತ. ಇಲ್ಲಾಂದ್ರೆ ಅದೇ ಬಸ್ಸಲ್ಲಿ ಶೃಂಗೇರಿಗೆ ಹೋಗಿ ಸಚ್ಚಿದಾನಂದ ಭಟ್ಟರ ಜಗಲಿ ಮೇಲೆ ಕೂತ್ಕೊಳ್ತೀನಿ."

ಮಗ ಮದುವೆ ಕಾಗದ ಅಚ್ಚು ಹಾಕುತ್ತಾನೆ ಅಂದುಕೊಂಡಿದ್ದ ತಂದೆಯ ಹೆಸರು ಕೇಳಿ ಶಿಶಿರ ಆಯ್ತು ಅಂದ. ಬಂದ.

ಕೈಮರದಲ್ಲಿ ಇನ್ನೂ ಬಿಸಿಲು ಇಳಿದಿರಲಿಲ್ಲ. ಲಕ್ಷ್ಮೀಶ ಮೊದಲೇ ಬಂದು ಬೆಂಚಿನ ತುದಿಯಲ್ಲಿ ಕೂತಿದ್ದ. ಶಿಶಿರ ದಾರಿಯುದ್ದಕ್ಕೂ ತಯಾರು ಮಾಡಿಕೊಂಡ ಮಾತನ್ನು ಶುರುಮಾಡಿದ. "ನೋಡಿ ಇವರೇ, ಆ ಆಟ ಬರೆದದ್ದು ನಾನು. ಇವರಿಗೂ ಅದಕ್ಕೂ..."

ಲಕ್ಷ್ಮೀಶ ಎದ್ದು ನಿಂತ. "ನೀವಾ? ಸಾರ್, ನೀವೇನಾ?" ಎರಡೂ ಕೈಯಲ್ಲಿ ಶಿಶಿರನ ಕೈ ಹಿಡಿದುಕೊಂಡ. "ಅವಳು ಅಮ್ಮನ ಹಾಸಿಗೆ ಮಡಚೋ ಸೀನು ಇದೆಯಲ್ಲ ಸಾರ್, ನಾನು ಅತ್ತೇಬಿಟ್ಟೆ. ಹೆಂಗಸಿನ ಮನಸ್ಸು ಅಷ್ಟು ಚೆನ್ನಾಗಿ ಹೇಗೆ ಗೊತ್ತು ಸಾರ್ ನಿಮಗೆ?"

ಶಿಶಿರನ ಬರಹವನ್ನು ಅಲ್ಲಿವರೆಗೆ ಯಾರೂ ಎದುರಿಗೆ ನಿಂತು ಹೊಗಳಿರಲಿಲ್ಲ. ಅವನ ಕಿವಿ ಕೆಂಪಾಯಿತು. "ಅದು ಬರೆಯೋಕೆ ಸ್ವಲ್ಪ ಕಷ್ಟಾನೇ ಆಯ್ತು," ಅಂದ.

"ಶಿಶಿರ," ಅಂದಳು ಮಾಲತಿ.

"ಹಾಂ, ಅದೇ ಹೇಳ್ತಿದ್ದೆ. ಇವರು ಅವಳಲ್ಲ. ಬರೇ ಸ್ಫೂರ್ತಿ, ಅಷ್ಟೇ."

ಲಕ್ಷ್ಮೀಶನ ಕಣ್ಣು ಅರಳಿತು. ತಾನು ಸರಿಯಾಗಿಯೇ ಹುಡುಕಿದ್ದೆ ಅಂತ ಬರೆದವನ ಬಾಯಿಂದಲೇ ಕೇಳಿದ ಹಾಗಾಯಿತು ಅವನಿಗೆ.

ತಿರುವಿನಲ್ಲಿ ಹಾರನ್ನು ಕೇಳಿತು. ಮಾಲತಿ ಚೀಲ ಎತ್ತಿಕೊಂಡಳು. ಚೀಲದ ಇನ್ನೊಂದು ಹಿಡಿಕೆ ಲಕ್ಷ್ಮೀಶನ ಕೈಯಲ್ಲಿತ್ತು.

"ಇವತ್ತು ಈ ಬಸ್ಸು ಬಿಟ್ಟುಬಿಡಿ," ಅಂದ, ಬಹಳ ಮೆತ್ತಗೆ. "ಬರೆದವರೇ ಇಲ್ಲಿದ್ದಾರೆ. ಇದಕ್ಕಿಂತ ಒಳ್ಳೆ ದಿನ ಸಿಗಲ್ಲ."

"ಬಿಡಿ ಮಾರಾಯ್ರೆ, ಅದು ಆಟ," ಅಂದ ಶಿಶಿರ. ಅಂದವನು ಬಸ್ಸು ನಿಲ್ಲುವಷ್ಟರಲ್ಲಿ, ಯಾರಾದರೂ ಗುರುತಿನವರು ನೋಡಿಯಾರೆಂದು, ತಂಗುದಾಣದ ಹಿಂದಕ್ಕೆ ಸರಿದ.

ಬಾಗಿಲಲ್ಲಿ ಕಂಡಕ್ಟರ್ ಧರ್ಮಪ್ಪ ನೇತಾಡುತ್ತಿದ್ದ. "ಎಂತದು ಮಾಲತಿ, ಬರ್ತ್ಯಾ, ಇಲ್ಲ ಅಲ್ಲೇ ಒಲೆ ಹೂಡ್ತ್ಯಾ?"

ಅವಳು ಚೀಲ ಎಳೆದಳು. ಹಿಡಿಕೆ ಬಿಡಲಿಲ್ಲ. ಬಿಟ್ಟು ಓಡಿದರೆ ಇನ್ನೊಂದು ಕೈ ಅವಳ ದಾರಿಗೆ ಅಡ್ಡ ಇತ್ತು. ಕೂಗಿದರೆ ಬಸ್ಸಿಗೆ ಗೊತ್ತಾಗುತ್ತದೆ, ಬಸ್ಸಿಗೆ ಗೊತ್ತಾದದ್ದು ಅರುಣನಿಗೆ ಗೊತ್ತಾಗದೆ ಇರುತ್ತದೆಯೇ. ಧರ್ಮಪ್ಪ ನಕ್ಕು, ಯಾರೋ ನೆಂಟರಿರಬೇಕು ಅಂದುಕೊಂಡು, "ರೈಟ್" ಅಂದ. ಚಕ್ರ ಅಲ್ಲಾಡಿತು.

"ಧರ್ಮಪ್ಪಣ್ಣಾ!" ಮಾಲತಿ ಕೂಗಿದಳು. "ಇವ ನನ್ನ ಬಿಡ್ತಾ ಇಲ್ಲ!"

ಬಸ್ಸು ನಿಂತ ಸದ್ದಿಗಿಂತ ಧರ್ಮಪ್ಪನ ಕೈ ಲಕ್ಷ್ಮೀಶನ ಕೆನ್ನೆಗೆ ಬಿದ್ದ ಸದ್ದು ಜೋರಾಗಿತ್ತು. ಇನ್ನಿಬ್ಬರು ಇಳಿದು ಅವನ ಕಾಲರು ಹಿಡಿದರು. ಅವನು ತಿರುಗಿ ಹೊಡೆಯಲಿಲ್ಲ, ಓಡಲೂ ಇಲ್ಲ. ತಾನು ಕೆಟ್ಟವನಲ್ಲ ಅಂತ ತೋರಿಸಬೇಕಿತ್ತು ಅವನಿಗೆ. "ನೋಡಿ, ನೀವೇ ನೋಡಿ, ಇದರಲ್ಲಿ ಎಲ್ಲ ಇದೆ," ಎನ್ನುತ್ತಾ ಮೊಬೈಲನ್ನು ಧರ್ಮಪ್ಪನ ಕೈಗಿಟ್ಟ.

"ಇದು ಪೊಲೀಸರಿಗೆ," ಅಂತ ಧರ್ಮಪ್ಪ ಅದನ್ನು ಜೇಬಿಗೆ ಹಾಕಿಕೊಂಡ. ಲಕ್ಷ್ಮೀಶನನ್ನು ರಸ್ತೆಯ ಮೇಲೆ ಬಿಟ್ಟು ಬಸ್ಸು ಹೊರಟಿತು. ಶಿಶಿರ ಎಲ್ಲಿಯೂ ಕಾಣಲಿಲ್ಲ.

ಬಸ್ಸಿನೊಳಗೆ ಎಲ್ಲರೂ ಅವಳ ಕಡೆಯವರೇ. ನೀರು ಕೊಟ್ಟರು. ಇಂಥವರ ಕೈ ಕಡಿಯಬೇಕು ಅಂದರು. ಮುಂದಿನ ಸೀಟಿನ ಕಮಲಕ್ಕ ಸರಿದು ಜಾಗ ಮಾಡಿ, "ಕೂತ್ಕೋ ಮಗಾ," ಅಂದಳು. ಮಾಲತಿ ಕೂತಳು.

ಟಿಕೆಟು ಹರಿಯುವುದು ಮುಗಿಸಿ ಧರ್ಮಪ್ಪ ಮೊಬೈಲು ಹೊರತೆಗೆದ. ಎಂತ ಇದೆ ಅಂತ ನೋಡಬೇಕಲ್ಲ, ಪೊಲೀಸರಿಗೆ ಹೇಳಬೇಕಾದರೆ. ಬೆರಳಿಂದ ಸರಿಸಿದ. ಮತ್ತೊಂದು ಸಲ ಸರಿಸಿ ನಿಂತುಬಿಟ್ಟ. ತಲೆಯೆತ್ತಿ ಮಾಲತಿಯ ರವಿಕೆ ನೋಡಿದ, ಮತ್ತೆ ಮೊಬೈಲು ನೋಡಿದ. ಪಕ್ಕದವನು ಇಣುಕಿದ. "ಕೊಡು ಇಲ್ಲಿ," ಅಂದ. ಅವನಿಂದ ಹಿಂದಿನ ಸೀಟಿಗೆ, ಅಲ್ಲಿಂದ ಅದರ ಹಿಂದಿನ ಸೀಟಿಗೆ ಅದು ಹೋಯಿತು. ಅದು ಹೋದಲ್ಲೆಲ್ಲ ಮಾತು ನಿಲ್ಲುತ್ತಿತ್ತು. ಮಾಲತಿ ತಿರುಗಿ ನೋಡಲಿಲ್ಲ. ಮಾತು ನಿಂತ ಜಾಗದಿಂದಲೇ ಮೊಬೈಲು ಎಲ್ಲಿದೆ ಅಂತ ಅವಳಿಗೆ ಗೊತ್ತಾಗುತ್ತಿತ್ತು.

"ಅದು ನಾನಲ್ಲ," ಅಂದಳು ಕಮಲಕ್ಕನಿಗೆ.

"ಅಲ್ಲ ಮಗಾ, ಅಲ್ಲ," ಅಂದಳು ಕಮಲಕ್ಕ. ಆದರೆ ಸೆರಗು ಎಳೆದು ಸ್ವಲ್ಪ ಆಚೆ ಸರಿದು ಕೂತಳು.

ಅವಳ ಸ್ಟಾಪಿನಲ್ಲಿ ಅರುಣ ಜೀಪಿಗೆ ಒರಗಿ ನಿಂತಿದ್ದ. ಬಸ್ಸು ನಿಧಾನವಾಗುವಾಗ ಧರ್ಮಪ್ಪ ಅವಳ ಹತ್ತಿರ ಬಾಗಿ, ನಿಜವಾದ ಕನಿಕರದಿಂದಲೇ ಹೇಳಿದ: "ಹೆದರಬೇಡ ಮಾರಾಯ್ತಿ. ನಿಂದೇನೂ ತಪ್ಪಿಲ್ಲ ಅಂತಾನೇ ನಾನು ಹೇಳ್ತೀನಿ."

"ಬೇಡ ಧರ್ಮಪ್ಪಣ್ಣ. ನಿಮ್ಮ ದಮ್ಮಯ್ಯ. ಹೇಳಬೇಡಿ."

"ಇಂಥದ್ದನ್ನ ಗಂಡನಿಂದ ಮುಚ್ಚಿಡಬಾರದು," ಅಂದ ಅವನು. ಹಿಂದಿನಿಂದ ಮೊಬೈಲು ಕೈಯಿಂದ ಕೈಗೆ ವಾಪಸು ಬಂತು. ಮಾಲತಿ ಇಳಿದಳು. ಅವಳ ಹಿಂದೆಯೇ ಧರ್ಮಪ್ಪನೂ ಇಳಿದು, ಚಾಲಕನಿಗೆ ನಿಲ್ಲೆಂದು ಕೈ ತೋರಿಸಿ, ಕರೆದ.

"ಅರುಣ, ಸ್ವಲ್ಪ ಈಚೆ ಬಾ ಮಾರಾಯ."