ಗುರು ಶುಕ್ರರ ಸಂಜೆ

"ಮೇಡಂ, ಅದು ಶುಕ್ರ ಅಲ್ಲ, ನೀರಿನ ಟ್ಯಾಂಕಿನ ಬಲ್ಬು!"

ಗುರು ಶುಕ್ರ ಅಕ್ಕಪಕ್ಕ ಬರುವುದನ್ನು ನೋಡಲು ತಾರಾಲಯದ ತಾರಸಿಯಲ್ಲಿ ನೆರೆದಿದ್ದವರೆಲ್ಲ ಗೊಳ್ಳೆಂದು ನಕ್ಕರು. ಚುಕ್ಕಿ ಮೇಡಂ ಚಾಚಿದ್ದ ಬೆರಳನ್ನು ಹಿಂದಕ್ಕೆಳೆದುಕೊಂಡು, "ನೀವು ಎಚ್ಚರವಾಗಿದ್ದೀರಾ ಅಂತ ನೋಡ್ದೆ" ಎಂದು ತಾನೂ ನಕ್ಕಳು.

ಆಕಾಶ ತೋರಿಸುವುದೇ ಅವಳ ಕೆಲಸ. ಚಳಿಗಾಲದ ಮಹಾವ್ಯಾಧ, ಬೇಸಿಗೆಯ ವೃಶ್ಚಿಕ, ವರ್ಷದ ಕೊನೆಗೆ ಸುರಿಯುವ ಉಲ್ಕೆಗಳು, ಎಲ್ಲ ಅವಳ ನಾಲಿಗೆಯ ತುದಿಯಲ್ಲಿದ್ದವು. ಈಗ ನಾಲಿಗೆಯಲ್ಲಷ್ಟೇ ಉಳಿದಿದ್ದವು. ಕಣ್ಣಿನ ಪರದೆ ಅಂಚಿನಿಂದ ಒಣಗುತ್ತಿದೆ, ಮೊದಲು ಕತ್ತಲಲ್ಲಿ ಕಾಣುವುದು ನಿಲ್ಲುತ್ತದೆ, ನಡುವಿನ ನೋಟ ಕೊನೆಗೆ ಹೋಗುತ್ತದೆ, ಮದ್ದಿಲ್ಲ ಎಂದಿದ್ದರು ವೈದ್ಯರು. ಕಳೆದ ಸಲ ಉಲ್ಕೆ ಬಿದ್ದಾಗ ಜನ "ಓ" ಎಂದ ಮೇಲೆ ಅವಳೂ "ಓ" ಎಂದಿದ್ದಳು, ಒಂದು ಉಸಿರು ತಡವಾಗಿ.

ಪ್ರೊಜೆಕ್ಟರ್ ನಡೆಸುವವನು ಅವಳನ್ನು ಮೆಟ್ಟಿಲ ಬಳಿ ಕರೆದೊಯ್ದ. "ಯಾವಾಗಿಂದ ಇದು?"

"ಬೇಸಿಗೆಯಿಂದ."

"ನನಗಾದ್ರೂ ಹೇಳ್ಬಾರ್ದಿತ್ತಾ?"

"ಹೇಳಿದ್ರೆ ನಾಳೆಯಿಂದ ಟಿಕೆಟ್ ಹರಿಯೋಕೆ ಕೂರಿಸ್ತಾರೆ. ಆಮೇಲೆ ನಾನು ಯಾರು, ಹೇಳು?"

ಅವನು ಅವಳ ತೋಳು ಹಿಡಿದುಕೊಂಡ. ಅವಳು ಅವನ ಕೈ ಕೊಡವಿಕೊಂಡು ದೂರದರ್ಶಕದತ್ತ ನಡೆದಳು. ಯಾರದೋ ಕಾಲು ತುಳಿದಳು, ಯಾರದೋ ಚೀಲ ಎಡವಿದಳು.

"ಸರದಿ ಇದೆ ಕಣ್ರೀ," ಮಗು ಎತ್ತಿಕೊಂಡಿದ್ದ ಹೆಂಗಸು ಸಿಡುಕಿದಳು.

"ಗೊತ್ತು ತಾಯಿ. ನನಗೊಂದ್ಸಲ ಬಿಡಿ."

ಕಣ್ಣಿಟ್ಟಳು. ಮೊದಲು ಬರೀ ಕಪ್ಪು. ಕೊಳವೆಯನ್ನು ಕೂದಲೆಳೆಯಷ್ಟು ಸರಿಸಿದಳು. ಥಟ್ಟನೆ ಶುಕ್ರ, ಅದರ ಮಗ್ಗುಲಲ್ಲೇ ಗುರು, ಗುರುವಿನ ಪಕ್ಕ ಸಾಲಾಗಿ ಸಾಸಿವೆಯಂಥ ಚಂದ್ರರು. ಅವಳ ಬಾಯಿಂದ ನರಳಿಕೆಯಂಥ ಸದ್ದು ಹೊರಟಿತು.

"ಏನು ಕಾಣ್ತಿದೆ ಮೇಡಂ? ನಮಗೂ ಹೇಳಿ," ಎಂದರು ಯಾರೋ.

ಅವಳು ಹೇಳಲಿಲ್ಲ. ವರ್ಷವೆಲ್ಲ ಹೇಳಿದ್ದಾಯಿತು. ಗ್ರಹಗಳು ಜಾರಿದಂತೆ ತಿರುಪು ತಿರುಗಿಸುತ್ತ ಬೆನ್ನಟ್ಟಿದಳು. ಜನ ಗೊಣಗಿದರು, ಯಾರೋ ಮ್ಯಾನೇಜರನ್ನು ಕರೆಯಿರಿ ಎಂದರು, ಕೊನೆಗೆ ಒಬ್ಬೊಬ್ಬರೇ ಕೆಳಗಿಳಿದರು. ಪ್ರೊಜೆಕ್ಟರಿನವನು ದೂರದರ್ಶಕದ ಮುಸುಕನ್ನು ಕೈಯಲ್ಲಿ ಮಡಚಿ ಹಿಡಿದು ಕಾದ.

"ಮುಳುಗಿದ್ವು ಮೇಡಂ," ಎಂದ ಮೆಲ್ಲಗೆ.

ಕೊಳವೆ ಆಗಲೇ ಎದುರಿನ ಕಟ್ಟಡದ ಗೋಡೆಗೆ ಮುಖ ಮಾಡಿತ್ತು. ಅವಳು ಕಣ್ಣು ತೆಗೆಯಲಿಲ್ಲ. ಬೆರಳುಗಳು ತಿರುಪನ್ನು ಇನ್ನೂ ತುಸುತುಸುವೇ ತಿರುಗಿಸುತ್ತಿದ್ದವು.