ಚಿಕ್ಕಬೀರಯ್ಯನ ಹೊನ್ನಾರು

“ಏಯ್, ಕೂತ್ಕೊಳಯ್ಯಾ. ನಿನ್ನ ಯಾರು ಕರುದ್ರು?”

ಹಾಸನದ ಕೋರ್ಟಿನಲ್ಲಿ ತನ್ನ ಹೆಸರು ಕೇಳಿ ಎದ್ದು ನಿಂತಿದ್ದ ಚಿಕ್ಕಬೀರಯ್ಯ ಜವಾನನ ಗದರಿಕೆಗೆ ತಟ್ಟನೆ ಕುಳಿತ. ಅಂದು ನಡೆಯುತ್ತಿದ್ದುದು ಮರಿಯಮ್ಮನ ಹೊಲದ ಕೇಸು. ಅವನು ಅವಳ ಜೊತೆಗೆ ಬಂದವನಷ್ಟೆ. ಆದರೂ ಹೊರದೇಶದ ಬೀಜದ ಕಂಪನಿಯ ವಕೀಲರು ಮಾತಿಗೊಮ್ಮೆ ಅವನ ಹೆಸರನ್ನೇ ಎತ್ತುತ್ತಿದ್ದರು. ಚಿಕ್ಕಬೀರಯ್ಯನ ಕೇಸಿನಲ್ಲಿ ಬೆಂಗಳೂರಿನ ದೊಡ್ಡ ಕೋರ್ಟು ಆಗಲೇ ತೀರ್ಪು ಕೊಟ್ಟಿದೆ, ಕಂಪನಿ ಇಲ್ಲಿ ರಿಜಿಸ್ಟರ್ ಆಗಿರುವುದರಿಂದ ಅದು ಇಲ್ಲಿಯದೇ, ಅದು ಕೊಂಡ ಜಮೀನು ಅದರದೇ, ಆ ತೀರ್ಪಿಗೆ ಈ ಕೋರ್ಟು ಬದ್ಧ ಎಂದರು. ಜಡ್ಜ್ ಸಾಹೇಬರು ತಲೆಯಾಡಿಸಿದರು. ಕಡಲಾಚೆಯ ಕಂಪನಿ ಇಲ್ಲಿಯದಾಯಿತು, ಇಲ್ಲೇ ಕಟ್ಟಾಯದ ಆಚೆ ಹುಟ್ಟಿ ಬೆಳೆದ ಮರಿಯಮ್ಮ ಹೊರಗಿನವಳಾದಳು.

ಕೋರ್ಟಿನ ಮೆಟ್ಟಿಲ ಮೇಲೆ ಅವಳ ವಕೀಲೆ ಯಮುನಾ ವಿಷಯ ಬಿಡಿಸಿ ಹೇಳಿದಳು. ದೊಡ್ಡ ಕೋರ್ಟಿನಲ್ಲಿ ಚಿಕ್ಕಬೀರಯ್ಯನ ವಕೀಲ, ಹೊರದೇಶದ ಕಂಪನಿ ಇಲ್ಲಿ ಹೊಲ ಕೊಳ್ಳುವಂತಿಲ್ಲ ಎಂಬ ವಾದವನ್ನೇ ಮಾಡಿರಲಿಲ್ಲ. ಕಂಪನಿ ಇಲ್ಲಿಯದೇ ಎಂದು ತಾನಾಗಿ ಒಪ್ಪಿಕೊಂಡಿದ್ದ. ಈಗ ಅವನು ಕಂಪನಿಯ ಕಡೆಯ ವಕೀಲ.

ಮರಿಯಮ್ಮ ಅಳಲಿಲ್ಲ. “ನಿನ್ ಎಸ್ರು ನನ್ ಒಲ ತಿಂದ್ಬುಡ್ತು ಕಣ್ ಬೀರಣ್ಣ,” ಎಂದಳು.

ಆ ವಕೀಲನನ್ನು ಗೊತ್ತು ಮಾಡಿದ್ದು ಊರಿನ ಕಾಂತರಾಜು ಗೌಡ. ಗುತ್ತಿಗೆ ಎಂದು ನಂಬಿಸಿ ಕಂಪನಿಯ ಏಜೆಂಟ್ ಕೇರಿಯವರಿಂದ ಕ್ರಯಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡಾಗ, ಕೇಸು ನಾನು ನಡೆಸುತ್ತೇನೆ ಎಂದು ಮುಂದೆ ಬಂದವನೂ ಅವನೇ. ಏನೇ ಕೇಳುವುದಿದ್ದರೂ ಒಬ್ಬ ಮುಂದೆ ನಿಲ್ಲುವುದು, ಉಳಿದವರು ಅವನ ಬೆನ್ನಿಗೆ ನಿಲ್ಲುವುದು ಕೇರಿಯ ಪದ್ಧತಿ. ಹಾಗೆಯೇ ಕೇಸಿಗೂ ಚಿಕ್ಕಬೀರಯ್ಯನೊಬ್ಬನ ಹೆಸರು ಕೊಟ್ಟರು. ನೀನು ಗೆದ್ದರೆ ಎಲ್ಲರೂ ಗೆದ್ದಂತೆ ಎಂದಿದ್ದ ಗೌಡ. ಸೋತರೆ ಏನು ಅಂತ ಬಾಯಿ ಬಿಟ್ಟಿರಲಿಲ್ಲ. ಈಗ ಕಂಪನಿಯ ಗೋದಾಮು ನಿಂತಿರುವುದು ಗೌಡನ ಜಾಗದಲ್ಲೇ.

ಸಂಜೆ ಗೌಡನ ಮನೆಯ ಜಗಲಿಯ ಕೆಳಗೆ ನಿಂತು ಚಿಕ್ಕಬೀರಯ್ಯ ಕೇಳಿದ. “ಯಾಕ್ ಬುದ್ದಿ ಇಂಗ್ ಮಾಡುದ್ರಿ?”

ಕಾಂತರಾಜು ಎಲೆಯಡಿಕೆ ಉಗಿದ. “ದೊಡ್ ಕೋರ್ಟೇ ಏಳಿದ್ಮ್ಯಾಲೆ ಮುಗೀತು ಕಣ್ಲಾ. ನನ್ನೇನ್ ಕೇಳೀಯೆ, ಬೋಳಿಮಗ್ನೆ? ನಾಳೆ ಒನ್ನಾರು. ಬೆಳಿಗ್ಗೇನೆ ಬಂದ್ಬುಡು.”

ಯುಗಾದಿಯ ದಿನ ಊರಿನ ಮೊದಲ ಉಳುಮೆ ಹೊನ್ನಾರು. ಗೌಡರ ಎತ್ತು ಮುಂದೆ, ನೇಗಿಲು ಕಟ್ಟಿದ ಊರಿನ ಆರುಗಳೆಲ್ಲ ಹಿಂದೆ. ಗೌಡರ ನೇಗಿಲಿನ ಮೇಳಿ ಹಿಡಿಯುವುದು ಅಪ್ಪನ ಕಾಲದಿಂದಲೂ ಚಿಕ್ಕಬೀರಯ್ಯನ ಮನೆಯ ಕೆಲಸ.

ಅವನು ಬಂದ. ಕಾಂತರಾಜು ಎತ್ತುಗಳಿಗೆ ಪೂಜೆ ಮಾಡಿ ಕಾಯಿ ಒಡೆದ. ಆರುಗಳು ಸಾಲಾಗಿ ಹೊರಟವು. ಗೌಡರ ಗದ್ದೆಯ ತಿರುವಿನಲ್ಲಿ ಚಿಕ್ಕಬೀರಯ್ಯ ಎತ್ತುಗಳನ್ನು ಎಡಕ್ಕೆ ಹೊಡೆದ. ಕಂಪನಿಯ ಬೇಲಿಯ ಕಾವಲುಗಾರ ಗೌಡರ ಎತ್ತು ಕಂಡು ಗೇಟು ತೆಗೆದು ಕೈಮುಗಿದ. ಚಿಕ್ಕಬೀರಯ್ಯ ಬೇಲಿಯೊಳಗೆ ಸೇರಿಹೋಗಿದ್ದ ತನ್ನ ಹೊಲವನ್ನು ದಾಟಿಕೊಂಡು ಹೋಗಿ ಮರಿಯಮ್ಮನ ಹೊಲದಲ್ಲಿ ನೇಗಿಲು ಊರಿದ.

ಕಾಂತರಾಜು ಪಂಚೆ ಎತ್ತಿಕೊಂಡು ಓಡಿ ಬಂದ. “ಲೇ, ಯಾರ್ ಎತ್ತು ಅನ್ಕಂಡಿದ್ದೀಯ್ಲಾ, ಸೂಳೆಮಗ್ನೆ?”

“ನಿನ್ವೇ ಕಣ್ ಗೌಡ.” ಚಿಕ್ಕಬೀರಯ್ಯ ಬುದ್ದಿ ಎನ್ನಲಿಲ್ಲ. “ನನ್ ಎಸ್ರಲ್ಲಿ ನೀನ್ ಸೋತ್ಯಲ್ಲ, ಅಂಗೇ ನಿನ್ ಎತ್ನಲ್ಲಿ ನಾನ್ ಉಳ್ತಾ ಇವ್ನಿ.”

ಬೇಲಿಯ ಆಚೆ ಊರಿನ ಆರುಗಳೆಲ್ಲ ನಿಂತುಬಿಟ್ಟಿದ್ದವು. ಮರಿಯಮ್ಮ ಒಬ್ಬಳೇ ಸೆರಗು ಕಟ್ಟಿಕೊಂಡು ಒಳಗೆ ಬಂದು ಎತ್ತುಗಳ ಮುಂದೆ ನಡೆದಳು. ಕಂಪನಿಯ ನೀರಿನ ಪೈಪು ನೇಗಿಲಿಗೆ ಸಿಕ್ಕಿ ಉದ್ದಕ್ಕೂ ಕಿತ್ತು ಬಂತು. ಕಾವಲುಗಾರ ಪೊಲೀಸರಿಗೆ ಫೋನು ಹಚ್ಚಿದ. ಚಿಕ್ಕಬೀರಯ್ಯ ಎತ್ತು ನಿಲ್ಲಿಸಲಿಲ್ಲ.