ಅರ್ಧ ದಾರಿ ದಾಟಿದ ಮೇಲೆ

ನಾಲ್ಕೇ ವಿಮಾನಗಳ ಆ ಪುಟ್ಟ ಕಂಪನಿಯಲ್ಲಿ ದಾರಿ, ಇಂಧನ, ಹಾರಾಟದ ಹೊತ್ತು ಲೆಕ್ಕ ಹಾಕುವುದು ಅಕ್ಕನ ಕೆಲಸ. ಆಫೀಸಿಗೆಲ್ಲ ಅವಳು ಅಕ್ಕ. ಪೈಲಟ್‌ಗೆ ಮಾತ್ರ ಒಡಹುಟ್ಟಿದ ಅಕ್ಕ. ಆ ತಮ್ಮನ ದನಿ ರೇಡಿಯೊದಲ್ಲಿ ಕೇಳಿದಾಗ ಅವಳು ಅದರ ಸದ್ದು ಏರಿಸಿದಳು.

“ಅಕ್ಕಾ, ಮಗುವಿನ ಆಕ್ಸಿಜನ್ ಇನ್ನು ಒಂದೂವರೆ ಗಂಟೆಗಷ್ಟೇ ಅಂತೆ. ಈ ಗಾಳೀಲಿ ನಾನು ಅಲ್ಲಿ ಇಳಿಯೋಕೆ ಒಂದೂಮುಕ್ಕಾಲು ಬೇಕು.”

ಬೆಳಿಗ್ಗೆ, ಕಾಯಿಲೆಯ ಮಗುವನ್ನು ಕರೆತರಲು ಹೋದ ವಿಮಾನ ದ್ವೀಪದಲ್ಲಿ ಇಳಿದ ಕೂಡಲೇ ಅಲ್ಲಿನ ನರ್ಸ್ ಫೋನ್ ಮಾಡಿ, ಎಷ್ಟು ಹೊತ್ತಿನ ಹಾರಾಟ ಎಂದು ಕೇಳಿದ್ದಳು. ಅಕ್ಕ ಆಗಷ್ಟೇ ಬರೆದುಕೊಂಡಿದ್ದ, ಹೋಗಲು ಹಿಡಿದ ಹೊತ್ತನ್ನೇ ಹೇಳಿಬಿಟ್ಟಿದ್ದಳು: ಎರಡೂವರೆ ಗಂಟೆ. ಸಾವಿರದ ಇನ್ನೂರು ಕಿಲೋಮೀಟರ್ ಹೋಗುವಾಗಲೂ ಅಷ್ಟೇ, ಬರುವಾಗಲೂ ಅಷ್ಟೇ. ಆದರೆ ಹೋಗುವಾಗ ಬೆನ್ನು ತಳ್ಳಿದ ಗಾಳಿ ಬರುವಾಗ ಎದೆಗೆ ಒದೆಯುತ್ತದೆ. ನರ್ಸ್ ಒಂದೂಕಾಲು ಗಂಟೆಗಾಗುವಷ್ಟು ಹೆಚ್ಚಿಗೆ ಹಿಡಿದೇ ಸಿಲಿಂಡರ್ ಹತ್ತಿಸಿದ್ದಳು. ಅದೂ ಸಾಲದಾಗಿತ್ತು.

“ಸ್ವಲ್ಪ ಕಡಿಮೆ ಕೊಟ್ಟು ತೂಗಿಸೋಕಾಗಲ್ವಾ?”

“ಜೊತೆಗಿರೋ ನರ್ಸ್ ಆಗಲೇ ಕಡಿಮೆ ಮಾಡಿದಾರೆ. ಇನ್ನೂ ಇಳಿಸಿದ್ರೆ ಮಗು ನೀಲಿಗಟ್ಟುತ್ತೆ ಅಂತಿದಾರೆ.”

ಕೆಳಗೆ ಬರೀ ಸಮುದ್ರ. ನಡುವೆ ಇಳಿಯಲು ಒಂದು ಅಂಗೈಯಗಲ ಜಾಗವಿಲ್ಲ. ಆಫೀಸಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕಾಯುತ್ತ ಕೂತಿದ್ದ ಮಗುವಿನ ಅಜ್ಜಿ ಎದ್ದು ನಿಂತರು. ಅಕ್ಕ ಅವರ ಮುಖ ನೋಡದೆ ಲೆಕ್ಕ ಹಾಕಿದಳು. ನಂಬಿಕೆಯಾಗದೆ ಮತ್ತೊಮ್ಮೆ ಹಾಕಿದಳು.

“ತಿರುಗಿಸು.”

“ಏನು? ತಲೆ ಕೆಟ್ಟಿದೆಯಾ? ಅರ್ಧಕ್ಕಿಂತ ಹೆಚ್ಚು ದಾಟಿ ಬಂದಿದೀನಿ!”

“ದಾಟಿದ್ದು ದಾರೀಲಿ ಅರ್ಧ ಕಣೋ, ಹೊತ್ತಲ್ಲಿ ಅಲ್ಲ. ಹಿಂದಿರೋದು ಆರುನೂರ ಎಪ್ಪತ್ತೈದು ಕಿಲೋಮೀಟರ್, ಮುಂದಿರೋದು ಐನೂರ ಇಪ್ಪತ್ತೈದು. ಆದ್ರೂ ವಾಪಸ್ ಹೋದ್ರೆ ಗಾಳಿ ನಿನ್ನ ಬೆನ್ನಿಗೆ. ಒಂದು ಗಂಟೆ ಇಪ್ಪತ್ತೈದು ನಿಮಿಷ ಸಾಕು.”

“ಬೆಳಿಗ್ಗೆ ಲೆಕ್ಕ ಹೇಳಿದ್ದೂ ನೀನೇ ತಾನೆ?”

“ಹೌದು, ತಪ್ಪು ನಂದೇ. ಇಳಿದ ಮೇಲೆ ಹೊಟ್ಟೆ ತುಂಬ ಬೈ. ಈಗ ನೀನೇ ಲೆಕ್ಕ ಹಾಕಿ ನೋಡು, ಬೇಗ.”

ರೇಡಿಯೊ ಗೊರಗೊರ ಎಂದಿತು. ಆಮೇಲೆ ತಮ್ಮ ಚುಟುಕಾಗಿ ಹೇಳಿದ: “ಸರಿ ಇದೆ. ತಿರುಗ್ತಿದೀನಿ.”

ಅಕ್ಕ ದ್ವೀಪದ ಆಸ್ಪತ್ರೆಗೆ ಫೋನ್ ಮಾಡಿ, ತುಂಬಿದ ಸಿಲಿಂಡರನ್ನು ರನ್‌ವೇ ಪಕ್ಕಕ್ಕೇ ತರಿಸಲು ಹೇಳಿದಳು. ಫೋನ್ ಇಟ್ಟಾಗ ಅಜ್ಜಿ ಎದುರಿಗೇ ನಿಂತಿದ್ದರು.

“ಮೊಮ್ಮಗುವನ್ನ ಕರಕೊಂಡು ಬರ್ತೀವಿ ಅಂದ್ರಿ. ಈಗ ದೂರ ಕಳಿಸ್ತಿದೀರಲ್ಲಮ್ಮ!”

“ಬದುಕಿಸೋಕೆ ಅಜ್ಜಿ. ನಾನು ಹೊತ್ತು ತಪ್ಪು ಹೇಳಿದೆ. ಅದಕ್ಕೇ ಹೀಗಾಯ್ತು.”

ಅಜ್ಜಿ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಕುರ್ಚಿಯನ್ನು ಎಳೆದು ತಂದು ಅಕ್ಕನ ಮೇಜಿಗೆ ಒತ್ತಿ ಕೂತು, ಕಣ್ಣು ಕೀಳದೆ ಅವಳನ್ನೇ ನೋಡತೊಡಗಿದರು. ಕಿಟಕಿಯಾಚೆ ಕಂಬದ ಮೇಲೆ ಗಾಳಿಯ ದಿಕ್ಕು ತೋರಿಸುವ ಗಾಳಿಚೀಲ ಬಿಗಿದು ನಿಂತಿತ್ತು. ಅದು ಜೋಲದಿರಲಿ ಎಂದು ಅಕ್ಕ ಹಿಂದೆಂದೂ ಹೀಗೆ ಬೇಡಿಕೊಂಡಿರಲಿಲ್ಲ.

ಕೊನೆಗೂ ರೇಡಿಯೊ ಮಾತಾಡಿತು. “ಇಳಿದೆವು. ದೊಡ್ಡ ಸಿಲಿಂಡರ್ ಹಾಕಿದಾರೆ. ಮಗು ಕಿರುಚ್ತಿದೆ, ಕೇಳಿಸ್ತಾ? ನಿನ್ನ ಹಾಗೇ ಗಂಟಲು.”

ಅಜ್ಜಿ ಸೆರಗಿನಿಂದ ಮುಖ ಒತ್ತಿಕೊಂಡರು. ಆಮೇಲೆ ಕೇಳಿದರು: “ಇನ್ನು ಅಲ್ಲಿಂದ ಇಲ್ಲಿಗೆ ಎಷ್ಟು ಹೊತ್ತಮ್ಮ?”

ಉತ್ತರ ನಾಲಿಗೆಯ ತುದಿಗೆ ಬಂದಿತ್ತು. ಅಕ್ಕ ಅದನ್ನು ನುಂಗಿಕೊಂಡು ಹವಾಮಾನದ ಪರದೆಯತ್ತ ತಿರುಗಿದಳು.

“ಗಾಳಿ ನೋಡಿ ಹೇಳ್ತೀನಿ ಅಜ್ಜಿ.”